ಬೆಟ್ಟದ ಸೂರು, ಮನೆಯ ಸೂರು

ನನಗೆ ಮೊಳೆ ಹೊಡೆಯಲು ಚೆನ್ನಾಗಿ ಬರುತ್ತದೆ. ಮದುವೆಯಾಗಿ ಎಷ್ಟೋ ವರ್ಷ ಈ ಸಂಗತಿ ನನ್ನ ಹೆಂಡತಿ ನೀಲಮ್ಮನಿಗೆ ತಿಳಿದಿರಲಿಲ್ಲ. ಏಕೆಂದರೆ ನಾನು ಹೊಡೆಯುತ್ತಿದ್ದದ್ದು ಬೆಟ್ಟದ ಮೇಲೆ ಮಾತ್ರ.

ಅರವತ್ತರ ದಶಕದಲ್ಲಿ ನಾನು ಊಟಿಯಲ್ಲಿ ಗುಮಾಸ್ತನಾಗಿದ್ದೆ. ಹತ್ತಿರದ ಇತ್ತಲಾರು ಹಳ್ಳಿಯಾಚೆ ಹುಲ್ಲುಬೆಟ್ಟದ ಮೇಲೆ ತಗಡಿನ ಸೂರಿನ ಒಂದು ಕಲ್ಲುಮನೆ ಇತ್ತು. ಮಂಜಿನಲ್ಲಿ ದಾರಿ ತಪ್ಪಿದವರು ತಂಗಲೆಂದು ಕಟ್ಟಿದ್ದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನಾವು ಕೆಲವರು, ಇತ್ತಲಾರಿನ ಟೀ ಬೆಳೆಗಾರ ಜೋಗಿಗೌಡರ ಹಿಂದೆ ಶನಿವಾರ ಹತ್ತಿ, ತಗಡು ಬಿಗಿದು, ಟಾರು ಬಳಿದು, ಭಾನುವಾರ ಇಳಿಯುತ್ತಿದ್ದೆವು. ಕೂಲಿ ಇಲ್ಲ, ಬುತ್ತಿ ಅವರವರದು. ಹೊರಡುವಾಗ ಒಲೆಯ ಪಕ್ಕ ಒಣಸೌದೆ, ಬೆಂಕಿಪೊಟ್ಟಣ ಇಡದಿದ್ದರೆ ಗೌಡರು ಇಳಿಯಲು ಬಿಡುತ್ತಿರಲಿಲ್ಲ. "ಮುಂದೆ ಬರೋನು ನೆನೆದು ಬತ್ತಾನೆ ಸಾರ್, ಕೈ ನಡುಗ್ತಾ ಇರ್ತದೆ," ಎನ್ನುತ್ತಿದ್ದರು.

ಇತ್ತ ನಮ್ಮ ಅಡುಗೆಮನೆಯ ತಗಡು ಸರಿಯಾಗಿ ಸೌದೆಯ ಮೂಲೆಯ ಮೇಲೇ ಸೋರುತ್ತಿತ್ತು. ಮಳೆಗಾಲವಿಡೀ ನೀಲಮ್ಮ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಕಾಫಿ ತರುತ್ತಿದ್ದಳು. ನಾನು ಕುಡಿದು, ಹೊಗೆ ವಾಸನೆ ಎನ್ನುತ್ತಿದ್ದೆ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ಕಟ್ಟಿದವನು ನಮ್ಮ ಬೀದಿಯವನೇ ಇರಬೇಕು. ನಮ್ಮ ಹಿರಿಯರು ಕಾಯಕ ಬೇರೆ, ದಾಸೋಹ ಬೇರೆ ಎಂದು ಹೇಳಿದ್ದಾರೆ. ಸ್ವಂತ ಸೂರಿಗೆ ಹೊಡೆದ ಮೊಳೆ ಎರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದು ನನಗೆ ಬಗೆಹರಿದಿರಲಿಲ್ಲ. ಬಗೆಹರಿಯುವ ಮೊದಲು ಏಣಿ ಹತ್ತುವುದು ಸರಿಯಲ್ಲವೆಂದು ಕಾಯುತ್ತಿದ್ದೆ.

ಒಂದು ವರ್ಷ ನೀಲಮ್ಮ ತಾನೂ ಬರುತ್ತೇನೆಂದು ಹೊರಟಳು. ಸೂರಿನ ಮೇಲೆ ಕೂತು ಮೊಳೆ ಹೊಡೆಯುತ್ತಿದ್ದ ನನ್ನನ್ನು ಕೆಳಗಿನಿಂದ ಬಹಳ ಹೊತ್ತು ನೋಡಿದಳು. ಆಮೇಲೆ ಗೌಡರತ್ತ ತಿರುಗಿದಳು.

"ಅಣ್ಣಾ, ಊಟಿಯಲ್ಲೂ ಇಂಥದ್ದೇ ಒಂದು ಸೋರೋ ಮನೆ ಅದೆ. ಬತ್ತೀರಾ?"

"ಅಲ್ಲಿ ಯಾರು ತಂಗ್ತಾರವ್ವಾ?"

"ಒಬ್ಬರು ಗುಮಾಸ್ತರು. ಮಳೆ ಹಿಡಿಯೋ ಮುಂಚೆ ಸುತ್ತಿಗೆ ಹಿಡಕೊಂಡು ಬೆಟ್ಟ ಹತ್ತಿಬಿಡ್ತಾರೆ."

ಮುಂದಿನ ಶನಿವಾರ ತಂಡ ನಮ್ಮ ಮನೆಗೇ ಬಂತು. ನಿಯಮ ನಿಯಮವೇ ಆದ್ದರಿಂದ ನಾನೂ ಬುತ್ತಿ ಕಟ್ಟಿಸಿಕೊಂಡು, ಅಡುಗೆಮನೆಯಿಂದ ಹೊರಗೆ ಬಂದು, ಎಲ್ಲರ ಜೊತೆ ಅಂಗಳದಲ್ಲಿ ಕೂತು ತಿಂದೆ. ಸಂಜೆಯೊಳಗೆ ಸೂರು ಬಿಗಿಯಾಯಿತು. ಅಷ್ಟು ಉತ್ಸಾಹದಿಂದ ನಾನು ಆ ಮನೆಯಲ್ಲಿ ಎಂದೂ ಕೆಲಸ ಮಾಡಿರಲಿಲ್ಲ.

ಹೊರಡುವಾಗ ಗೌಡರು, ಇತ್ತಲಾರಿನಿಂದ ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದ ಒಣಸೌದೆಯ ಹೊರೆಯನ್ನು ನಮ್ಮ ಒಲೆಯ ಪಕ್ಕ ಇಳಿಸಿ, ಮೇಲೊಂದು ಬೆಂಕಿಪೊಟ್ಟಣ ಇಟ್ಟರು. ನನಗೆ ನಗು ಬಂತು.

"ಇಲ್ಲಿ ಮುಂದೆ ಬರೋರು ಯಾರು ಗೌಡರೇ?"

ನೀಲಮ್ಮ ನಗಲಿಲ್ಲ. "ನಾಳೆ ಬೆಳಿಗ್ಗೆ ನಾನೇ ಬತ್ತೀನಲ್ಲ," ಎಂದಳು.

ನನಗೆ ನಾಚಿಕೆಯಾಯಿತು. ಅಂದಿನಿಂದ ದಿನಾ ಸಂಜೆ ಒಲೆಯ ಪಕ್ಕ ಒಣಸೌದೆ ಇಡುವುದು ನನ್ನ ಪಾಲಿನ ಕೆಲಸ. ನೀಲಮ್ಮ ಅದಕ್ಕಾಗಿ ನನ್ನನ್ನು ಹೊಗಳಿಲ್ಲ. ಬೆಟ್ಟದ ಮನೆಯಲ್ಲೂ ಸೌದೆ ಇಟ್ಟವರು ಯಾರೆಂದು ದಾರಿಹೋಕರು ಹುಡುಕಿಕೊಂಡು ಹೋಗುವುದಿಲ್ಲ. ಕಾಫಿಗೆ ಮಾತ್ರ ಈಗ ಕಾಫಿಯ ವಾಸನೆ ಬರುತ್ತದೆ.