ಮಗಳ ಮೈಗೆ ಹಿಡಿಯದ ಚರ್ಮ

ನಿನ್ನನ್ನು ರಾಜಾನುಕುಂಟೆಗೆ, ಸೋದರಮಾವನ ಮನೆಗೆ ಕಳಿಸಿದ್ದು ಗಾಳಿ ಬದಲಾಗಲಿ ಅಂತ ಅಲ್ಲ, ಜಯಾ. ನೀನು ನನಗೆ ಹುಟ್ಟಿದವಳಲ್ಲ ಎಂದು ನಂಬಿದ್ದೆ — ಅದಕ್ಕೇ ಕಳಿಸಿದೆ.

ನಿನಗಾಗ ಆರು ವರ್ಷ. ಬಚ್ಚಲ ಹಂಡೆಯ ಕುದಿನೀರು ಬೆನ್ನ ಮೇಲೆ ಬಿತ್ತು. ಗಾಯ ಮುಚ್ಚಲು ಯಾರದಾದರೂ ಚರ್ಮ ಬೇಕು ಅಂದರು ಆಸ್ಪತ್ರೆಯ ಡಾಕ್ಟರು. ನನ್ನ ತೊಡೆ ತೋರಿಸಿದೆ. ಅಲ್ಲಿಂದ ತೆಗೆದು ನಿನಗೆ ಹಚ್ಚಿದರು. ಮೊದಮೊದಲು ಹಿಡಿದಂತೆಯೇ ಇತ್ತು. ಆಮೇಲೆ ಕಪ್ಪಾಗಿ ಉದುರಿತು. ಡಾಕ್ಟರು ಅಂದರು:

"ಅವಳ ಮೈ ಇದನ್ನ ಬೇರೆಯವರದು ಅಂತ ತಳ್ಳಿಬಿಡ್ತು ಕಣ್ರೀ. ಇನ್ನು ಅವಳದೇ ಚರ್ಮ ತೆಗೆದು ಹಾಕ್ತೀವಿ."

ಹಾಕಿದರು. ಅದು ಹಿಡಿಯಿತು.

ಏಕೆ ಹೀಗೆ ಎಂದು ನಾನು ಕೇಳಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಾದರೂ, ಕೋಗಿಲಿನಿಂದ ಹೆಬ್ಬಾಳದವರೆಗಿನ ತೋಟಗಳಲ್ಲಿ ನಾನು ಕಟ್ಟಿದ ಕಸಿ ಸತ್ತಿತು ಅಂದವರಿಲ್ಲ. ಕಸಿಯ ವಿಷಯ ನನಗೆ ಯಾರು ಹೇಳಿಕೊಡಬೇಕು? ಮಾವಿನ ಕಡ್ಡಿ ಮಾವಿನ ಬುಡಕ್ಕೆ ಹಿಡಿಯುತ್ತದೆ. ಹಲಸಿನ ಬುಡಕ್ಕೆ ಕಟ್ಟಿದರೆ ಒಣಗುತ್ತದೆ. ಹಾಗಾದರೆ ನನ್ನ ಚರ್ಮ ನಿನಗೇಕೆ —

ಅಲ್ಲಿಂದ ಶುರು. ನೀನು ಮಲಗಿದ್ದಾಗ ನಿನ್ನ ಕಿವಿ, ಕಾಲ್ಬೆರಳು ನೋಡುತ್ತಿದ್ದೆ — ಯಾರ ಹಾಗಿವೆ? ನಿನ್ನವ್ವ ರಾಗಿ ಬೀಸಿಸಲು ಹೋಗಿ ತಡವಾದರೆ, ಬಳೆಗಾರನ ಮಾತಿಗೆ ನಕ್ಕರೆ, ಅದಕ್ಕೂ ಒಂದು ಅರ್ಥ. ಕೊನೆಗೆ ಕೇಳಿಯೇಬಿಟ್ಟೆ: "ನನ್ ಚರ್ಮ ಹಿಡೀಲಿಲ್ಲ. ಯಾರ್ದೇ ಈ ಕೂಸು?"

ಒಲೆ ಊದುತ್ತಿದ್ದವಳು ತಿರುಗಿದಳು. "ಮಾವಿನ ಮರಾನೂ ಮಕ್ಳೂ ಒಂದೇ ಏನು ನಿಂಗೆ? ನಂಗೆ ಏನಾರ ಅನ್ನು. ಕೂಸಿನ ಕಿವೀಗೆ ಮಾತ್ರ ಬೀಳಿಸ್ಬ್ಯಾಡ."

ಅವಳು ಅಳಲಿಲ್ಲ. ಅಳದೇ ಇದ್ದದ್ದಕ್ಕೂ ಅನುಮಾನಪಟ್ಟೆ. ಆ ವಾರವೇ ನಿನ್ನನ್ನು ರಾಜಾನುಕುಂಟೆಗೆ ಬಿಟ್ಟುಬಂದೆ.

ಇಷ್ಟು ವರ್ಷಗಳಾದ ಮೇಲೆ, ಹೋದ ತಿಂಗಳು, ನನ್ನ ಹತ್ತಿರ ಸಪೋಟ ಸಸಿ ಕೊಳ್ಳಲು ಒಬ್ಬ ಡಾಕ್ಟರು ಬಂದಿದ್ದರು. ಬೇರೆ ಯಾರದೋ ಸಂಗತಿ ಎಂಬಂತೆ ಕೇಳಿದೆ. ನಕ್ಕುಬಿಟ್ಟರು.

"ಅಯ್ಯೋ ಯಜಮಾನ್ರೇ, ಹೆತ್ತ ಅಪ್ಪಂದೂ ನಿಲ್ಲಲ್ಲ, ತಾಯೀದೂ ನಿಲ್ಲಲ್ಲ. ರಕ್ತದಲ್ಲಿ ಕಾವಲಿರುತ್ತೆ. ಒಳಗೆ ಬಂದಿದ್ದು ಅಪ್ಪನ ಚರ್ಮವೋ, ರೋಗದ ಕ್ರಿಮಿಯೋ — ತನ್ನದಲ್ಲ ಅಂದ್ರೆ ಹೊರಗೇ. ಒಂದೇ ರೂಪದ ಅವಳಿಗಳಾದ್ರೆ ಮಾತ್ರ ಬಿಡುತ್ತೆ."

ನಿನ್ನ ಮೈಯ ಕಾವಲು ತನ್ನ ಕೆಲಸ ಮಾಡಿತ್ತು. ತನ್ನದನ್ನೇ ಗುರುತಿಸದೆ ಹೊರಗೆ ಹಾಕಿದವನು ನಾನು.

ನಿನ್ನವ್ವನಿಗೆ ಹೇಳಿದೆ. ಅವಳು ತಲೆ ಎತ್ತಲಿಲ್ಲ. "ಯಾರ ಕೂಸು ಅಂತ ನಂಗೆ ಅವತ್ತೇ ಗೊತ್ತಿತ್ತು," ಅಂದಳು. "ಓಗು, ಅವ್ಳ ತಾವ ಒಪ್ಕೊ."

ನಾನು ಬಂದಾಗಲೆಲ್ಲ ನೀನು ಸೆರಗನ್ನು ಬೆನ್ನಿಗೆ ಸುತ್ತಿಕೊಳ್ಳುತ್ತೀ — ಕಲೆ ಕಂಡರೆ ಅಪ್ಪನಿಗೆ ಹೇಸಿಗೆ, ಅದಕ್ಕೇ ದೂರ ಇಟ್ಟ ಅಂದುಕೊಂಡು. ನಿನ್ನಲ್ಲಿ ಏನೂ ಕೆಟ್ಟಿರಲಿಲ್ಲ, ಮಗಳೇ. ಭಾನುವಾರ ಬರುತ್ತೇನೆ. ಮನೆಗೆ ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಜಗಲಿಯ ಮೇಲೆ ಕೂತಿರುತ್ತೇನೆ; ಒಳಗೆ ಕರೆಯುವುದು ಬಿಡುವುದು ನಿನ್ನದು.