ತಪ್ಪಿಸಿದ ಆಣೆ

ಯಲ್ಲವ್ವ, ನಿನ್ನ ಗಂಡನ ಕೈ ಮುರಿದವನು ನನ್ನ ಮಗ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಎದುರು ಕೂತು, ನಿನ್ನ ಕೈ ಹಿಡಿದುಕೊಂಡು, ನಮ್ಮ ಊರಿನ ಹುಡುಗರು ಯಾರೂ ಇರಲಿಲ್ಲ ಎಂದು ಹೇಳಿದೆ.

ಬರೆದಾಯಿತು. ಇದನ್ನು ಬೇರೆಯವರು ಓದುವ ಮೊದಲು ನಿನಗೆ ನಾನೇ ಬಾಯಿಬಿಟ್ಟು ಹೇಳುವವಳಿದ್ದೇನೆ. ಆದರೂ ಬರೆದಿಡುತ್ತಿದ್ದೇನೆ, ಏಕೆಂದರೆ ನನ್ನ ಬಾಯಿಯ ಮೇಲೆ ನನಗೇ ಭರವಸೆ ಇಲ್ಲ. ಪರ್ಕಳದಲ್ಲಿ ಬಾಯಿ ಜೋರಿನ ಹೆಂಗಸು ಯಾರು ಎಂದು ಕೇಳಿದರೆ ಸಣ್ಣ ಮಕ್ಕಳೂ ನನ್ನ ಹೊಲಿಗೆ ಅಂಗಡಿ ತೋರಿಸುತ್ತಾರೆ. ಅಂಥವಳು ಇಷ್ಟು ವರ್ಷ ಈ ಒಂದು ಮಾತು ನುಂಗಿಕೊಂಡೇ ಇದ್ದೆ.

ನಡೆದದ್ದು ನಿನಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನೀವು ಬಾಗಲಕೋಟೆ ಕಡೆಯವರು, ನನ್ನ ಅಂಗಡಿಯ ಹಿಂದಿನ ಬಾಡಿಗೆ ಕೋಣೆಗಳಲ್ಲಿ ಇದ್ದವರು. ಬಸಪ್ಪನಿಗೆ ಗಾರೆ ಕೆಲಸ, ನಿನಗೆ ಮಣಿಪಾಲದ ಹಾಸ್ಟೆಲೊಂದರಲ್ಲಿ ಗುಡಿಸಿ ಒರೆಸುವ ಕೆಲಸ. ನಿಮ್ಮ ಕಡೆಯವನೊಬ್ಬ ಬಸ್‌ಸ್ಟಾಪಿನಿಂದ ನಮ್ಮ ಹುಡುಗಿಯೊಬ್ಬಳ ಹಿಂದೆ ಬಿದ್ದ ಎಂದು ಯಾರೋ ಮೊಬೈಲಿನಲ್ಲಿ ಹಾಕಿದರು. ಯಾವ ಹುಡುಗಿ, ಯಾರ ಮಗಳು — ಇವತ್ತಿನವರೆಗೂ ಯಾರೂ ಹೇಳಿಲ್ಲ. ಅಂಥವಳೊಬ್ಬಳು ಇದ್ದಳೋ ಇಲ್ಲವೋ. ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ವಿಕೆಟ್ ಕಿತ್ತುಕೊಂಡೇ ಹೊರಟರು. ಮುಸ್ಸಂಜೆ. ಕೆಲಸ ಮುಗಿಸಿ ಬುತ್ತಿಚೀಲ ಹಿಡಿದು ಬರುತ್ತಿದ್ದ ಬಸಪ್ಪ ಅವರ ಕೈಗೆ ಸಿಕ್ಕಿದ. ಅವನ ಬಲಗೈ ಮೂಳೆ ಮುರಿಯಿತು. ಆಮೇಲೆ ಆ ಕೈ ಕರಣೆ ಹಿಡಿಯಲಿಲ್ಲ.

ಮರುದಿನದಿಂದ ನಿಮ್ಮವರು ಕೆಲಸ ನಿಲ್ಲಿಸಿದರು. ನಮ್ಮವರು ಕೋಣೆ ಖಾಲಿ ಮಾಡಿ ಎಂದರು, ಅಂಗಡಿಗಳಲ್ಲಿ ಅಕ್ಕಿ ಕೊಡಲಿಲ್ಲ. ಕಾರ್ಕಳದ ಕಲ್ಲುಕೋರೆಗಳಿಂದ ನಿಮ್ಮ ಗಂಡಸರು ಟೆಂಪೋ ಮಾಡಿಕೊಂಡು ಬರುತ್ತಾರಂತೆ, ಕಾಪುವಿನಿಂದ ನಮ್ಮವರು ಬರುತ್ತಾರಂತೆ — ಬರೀ ಅಂತೆಕಂತೆ, ಆದರೆ ಮಕ್ಕಳನ್ನು ಶಾಲೆಗೆ ಕಳಿಸಲಿಕ್ಕೂ ಹೆದರಿಕೆ. ಕೊನೆಗೆ ಊರಿನ ಹಿರಿಯರು ನಮ್ಮಲ್ಲಿ ಯಾವಾಗಲೂ ಹೇಳುವುದನ್ನೇ ಹೇಳಿದರು: ಹುಡುಗರೆಲ್ಲ ದೈವಸ್ಥಾನಕ್ಕೆ ಬರಲಿ, ನಾವು ಹೊಡೆದಿಲ್ಲವೆಂದು ದೈವದ ಎದುರು ಆಣೆ ಮಾಡಲಿ. ನಿಮ್ಮವರೂ ಒಪ್ಪಿದರು. ಪೊಲೀಸರಿಗೆ ಸಲೀಸಾಗಿ ಸುಳ್ಳು ಹೇಳುವವನಿಗೂ ಅಲ್ಲಿ ನಾಲಿಗೆ ಹೊರಳುವುದಿಲ್ಲ.

ಆ ಸುದ್ದಿ ಕೇಳಿದ ಮಧ್ಯಾಹ್ನ ನನ್ನ ಮಗ ನಿತೇಶ ಊಟದ ಬಟ್ಟಲು ಸರಿಸಿದ.

"ಅಮ್ಮ, ನನ್ನಿಂದ ಆಗುವುದಿಲ್ಲ. ದೈವದ ಎದುರು ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ."

"ಎಂತ ಸುಳ್ಳು?"

"ಅವನ ಕೈಗೆ ಹೊಡೆದದ್ದು ನಾನು."

ನಾನು ಸಾರಿನ ಸೌಟು ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಮಗನೇ? ಜಗಳವಾದ ಕಡೆಯಿಂದ ಓಡಿಬರುವವನು, ನಾನು ಗದರಿಸಿದರೆ ಕಣ್ಣು ತುಂಬಿಕೊಳ್ಳುವವನು — ಅವನೇ? ಹಿಂದಿನ ದಿನವಷ್ಟೇ ನಿನ್ನ ಕೋಣೆಗೆ ಗಂಜಿ ತಂದುಕೊಟ್ಟು, ಇದನ್ನು ಮಾಡಿದವರ ಕೈಗೆ ಹುಳ ಬೀಳಲಿ ಎಂದು ಶಾಪ ಹಾಕಿ ಬಂದವಳು ನಾನು! ನನ್ನ ಮಗನ ಕೈಗೆ ನಾನೇ...

ಅದಕ್ಕಿಂತ ದೊಡ್ಡ ದಿಗಿಲಿನ ಮಾತು ಇನ್ನೊಂದು ಉಂಟು. ಕಣ್ಣೀರು ಒರೆಸಿಕೊಳ್ಳುವ ಮೊದಲೇ ನನ್ನ ತಲೆ ಲೆಕ್ಕಾಚಾರ ಶುರು ಮಾಡಿತ್ತು. ಮಸ್ಕತ್‌ನಲ್ಲಿದ್ದ ಅವನ ಅಪ್ಪ ಅವನಿಗೂ ಅಲ್ಲೇ ಕೆಲಸ ನೋಡಿದ್ದರು, ವೀಸಾ ಬರುವುದರಲ್ಲಿತ್ತು. ಪೊಲೀಸ್ ಕೇಸಿನಲ್ಲಿ ಅವನ ಹೆಸರು ಬಂದರೆ ಎಲ್ಲ ಮುಗಿಯಿತು. ಅವನು ಆಣೆಗೆ ನಿಂತರೆ ಸತ್ಯ ಹೇಳಿಬಿಡುತ್ತಾನೆ. ಆದ್ದರಿಂದ ಆಣೆಯೇ ಆಗಬಾರದು. ಹುಡುಗ ಸತ್ಯ ಹೇಳಲು ತಯಾರಿದ್ದ, ಯಲ್ಲವ್ವ. ತಡೆದವಳು ನಾನು.

ಸಂಜೆ ಹಿರಿಯರ ಮುಂದೆ ಹೋಗಿ ನಿಂತೆ. ಮಹಿಳಾ ಸಂಘದ ಅಧ್ಯಕ್ಷೆ ಅಲ್ಲವಾ, ಮಾತಿಗೇನು ಬರ! "ದೈವವನ್ನು ಯಾಕೆ ಬೀದಿ ಜಗಳಕ್ಕೆ ಎಳೆಯುವುದು? ಗಂಡಸರು ಹೊಡೆದಾಡಿಕೊಳ್ಳುವುದು, ಗಂಡಸರೇ ಆಣೆ ಮಾಡುವುದು. ಒಂದು ಸಲ ಹೆಂಗಸರಿಗೆ ಬಿಟ್ಟು ನೋಡಿ. ನಾವು ಕೂತು ಮಾತಾಡುವ." ಯಾರೂ ಎದುರಾಡಲಿಲ್ಲ. ಒಬ್ಬರು ಚಪ್ಪಾಳೆ ಕೂಡ ತಟ್ಟಿದರು.

ಅಂಗನವಾಡಿಯ ಚಾಪೆಯ ಮೇಲೆ ನಿಮ್ಮ ಹೆಂಗಸರು, ನಮ್ಮ ಹೆಂಗಸರು ಎದುರುಬದುರು ಕೂತೆವು. ಅಲ್ಲಿ ನಡೆದದ್ದೆಲ್ಲ ನಾಟಕ ಎಂದು ನಾನು ಹೇಳಲಾರೆ, ಅದು ಉಳಿದವರಿಗೆ ಮಾಡುವ ಅನ್ಯಾಯ. ಅಂಗಡಿಯವನ ಹೆಂಡತಿ ತಾನೇ ಎದ್ದು, ನಾಳೆಯಿಂದ ಅಕ್ಕಿ ಕೊಡುತ್ತೇವೆ ಎಂದಳು. ನಿಮ್ಮ ಕಡೆಯ ಅಜ್ಜಿಯೊಬ್ಬಳು, ನಮ್ಮ ಹುಡುಗರು ಕುಡಿದು ಕೂಗಾಡುವುದೂ ತಪ್ಪೇ ಎಂದಳು. ಅವರೆಲ್ಲ ಪ್ರಾಮಾಣಿಕರಾಗಿದ್ದರು. ನೀನೊಬ್ಬಳು ಮಾತ್ರ ನನ್ನನ್ನೇ ನೋಡಿ ಕೇಳಿದೆ — ಹೊಡೆದವರು ಯಾರು?

"ನಮ್ಮ ಊರಿನ ಹುಡುಗರು ಯಾರೂ ಇರಲಿಲ್ಲ ಯಲ್ಲವ್ವ. ಹೊರಗಿನವರು ಬೈಕಿನಲ್ಲಿ ಬಂದು ಹೋದದ್ದು. ನನ್ನ ಮೇಲೆ ನಂಬಿಕೆ ಉಂಟಲ್ಲ?"

"ನೀವು ಅಂದ್ರ ಸಾಕ್ರೀ ಅಕ್ಕಾರ. ನಿಮ್ಮ ಮಾತ ನನಗ ಆಣಿ."

ಹೊಡೆದವರ ಮೇಲೆ ಕೊಟ್ಟಿದ್ದ ದೂರನ್ನು ಮುಂದುವರಿಸುವುದು ಬೇಡ ಎಂದು ಠಾಣೆಗೆ ಹೋಗಿ ಹೇಳಿ ಬಂದೆ ನೀನು. ನಿನ್ನ ಜೊತೆಗೆ ಆಟೋದಲ್ಲಿ ಬಂದವಳೂ ನಾನೇ. ನಿತೇಶ ಮಸ್ಕತ್‌ಗೆ ಹೋದ. ಪರ್ಕಳದ ಹೆಂಗಸರು ಜಗಳ ನಿಲ್ಲಿಸಿದರೆಂದು ಪತ್ರಿಕೆಯಲ್ಲಿ ಬಂತು. ಉದ್ಯಾವರಕ್ಕೆ ಕರೆದರು, ಕಾರ್ಕಳಕ್ಕೆ ಕರೆದರು. ಹೋದಲ್ಲೆಲ್ಲ ಶಾಲು ಹೊದೆಸಿಕೊಂಡೆ. ಎರಡು ಭಾಷಣ ಆಗುವಷ್ಟರಲ್ಲಿ ನನಗೇ ನನ್ನ ಮಾತು ನಿಜ ಅನಿಸತೊಡಗಿತ್ತು. ಅಷ್ಟು ಸುಲಭ ಅದು.

ಕಳೆದ ವಾರ ಮಣಿಪಾಲದ ಸಭೆಗೆ ನಮ್ಮಿಬ್ಬರನ್ನೂ ಒಟ್ಟಿಗೆ ಕರೆದಿದ್ದರು, ಶಾಂತಿ ಮಾತುಕತೆಯಲ್ಲಿ ಮಹಿಳೆಯರು ಎಂಬ ವಿಷಯ. ಅದು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ನಾನು ಸುಮ್ಮನೆ ಉಪಚಾರಕ್ಕೆಂದು ಕೇಳಿದೆ, ಬಸಪ್ಪ ಊರಿನಲ್ಲಿ ಹೇಗಿದ್ದಾನೆ ಎಂದು. ಕೈಲಾಗದ ಮೇಲೆ ಊರಿಗೆ ಹೋದ ಎಂದಷ್ಟೇ ನಾನು ತಿಳಿದದ್ದು. ನೀನು ಬನ್ಸ್ ಮುರಿಯುತ್ತಾ ನಕ್ಕೆ.

"ಅಂವ ಕೈಗಾಗಿ ಹೋದಾಂವಲ್ರೀ. ನಿಮ್ಮ ಸಲುವಾಗಿ ಹೋದಾಂವ."

ಎಂತ ಹೇಳುತ್ತಿದ್ದೀ ಎಂದು ಕೇಳಿದ್ದಕ್ಕೆ ನೀನು ಹೇಳುತ್ತಾ ಹೋದೆ. ರಾಜಿಯಾದ ಕೆಲವು ವಾರಕ್ಕೆ, ಹೊಲಿಯಲು ಕೊಟ್ಟ ನಿನ್ನ ಕುಪ್ಪಸ ತರಲು ಬಸಪ್ಪ ನನ್ನ ಅಂಗಡಿಗೆ ಬಂದಿದ್ದನಂತೆ. ಒಳಗೆ ನಿತೇಶ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಅವತ್ತು ಮಬ್ಬುಗತ್ತಲಲ್ಲಿ ಮುಖ ಕಾಣದೆ ಬರೀ ಕೇಳಿಸಿಕೊಂಡಿದ್ದ ಆ ದನಿಯ ಗುರುತು ಸಿಕ್ಕಿ ಬಸಪ್ಪ ಬರಿಗೈಯಲ್ಲಿ ವಾಪಸು ಬಂದನಂತೆ. ಇವನೇ, ಅವತ್ತು ಹೊಡೆದವನು ಇವನೇ ಎಂದು ನಿನಗೆ ಹೇಳಿದನಂತೆ.

"ನಾ ಬಾಯಿ ಮುಚ್ಚು ಅಂದೆ. ಅಕ್ಕಾರು ಮಾತು ಕೊಟ್ಟಾರ, ಸುಳ್ಳು ಹೇಳಿ ಅವರಿಗೇನ ಬರೂದೈತಿ ಅಂದೆ. ಆಕಿ ಮಾತು ದೊಡ್ಡದೋ ನಂದು ದೊಡ್ಡದೋ ಅಂದ. ಅಕ್ಕಾರ ಮಾತ ದೊಡ್ಡದು ಅಂದೆ. ಮರುದಿನ ಗಂಟು ಕಟ್ಟಿದ."

ಕೈ ಮುರಿಸಿಕೊಂಡವನು ನಿಜ ಹೇಳಿದ್ದ, ನೀನು ಅವನನ್ನು ಸುಳ್ಳನೆಂದು ಕರೆದೆ — ನನ್ನಿಂದ. ಅವನ ಕೈ ಮುರಿದದ್ದು ನನ್ನ ಮಗ. ಅವನ ಮನೆ ಮುರಿದದ್ದು ನಾನು. ನನಗೆ ಇದು ಗೊತ್ತೇ ಇರಲಿಲ್ಲ ಎನ್ನಲು ಬಾಯಿ ತೆರೆದೆ... ಗೊತ್ತಿರಲಿಲ್ಲ ಏಕೆ? ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಕೇಳಿದ್ದೆನಾ?

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟರಲ್ಲಿ ನೀನು ನನ್ನ ಮೊಣಕೈ ಹಿಡಿದುಕೊಂಡೆ.

"ಐತಾರ ಅಂವ ಬರಾಕತ್ತಾನ್ರೀ. ಮಗಳ ಮದುವಿ ಮಾತೈತಿ. ನೀವ ಬಂದು ನಡುವ ಕೂಡ್ರಿ. ತಪ್ಪಾತು ಅಂತ ಅವನ ಬಾಯಿಂದ ಒಂದ್ಸಲ ಅನಸ್ರಿ, ಸಾಕು. ನಾ ಮತ್ತೇನೂ ಕೇಳಾಂಗಿಲ್ಲ."

ನಾನು ತಲೆಯಾಡಿಸಿದೆ, ಯಲ್ಲವ್ವ. ಅಷ್ಟನ್ನು ಕೇಳಿಸಿಕೊಂಡೂ ತಲೆಯಾಡಿಸಿದೆ. ನನ್ನಂಥವಳೂ ಇರುತ್ತಾಳಾ ಎಂದು ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ.

ನಿತೇಶನಿಗೆ ಫೋನು ಮಾಡಿ, ಯಲ್ಲವ್ವನಿಗೆ ನಿಜ ಹೇಳಿಬಿಡುತ್ತೇನೆ ಎಂದೆ. "ಈಗ ಎಂತಕ್ಕಮ್ಮ ಅದೆಲ್ಲ?" ಎಂದ. ಆಮೇಲೆ, "ಅವತ್ತೇ ಹೇಳುತ್ತಿದ್ದೆನಲ್ಲ" ಎಂದು ಫೋನು ಇಟ್ಟುಬಿಟ್ಟ.

ಭಾನುವಾರ ಬರುತ್ತೇನೆ. ಮೊದಲು ಬಸಪ್ಪನ ಕಡೆ ತಿರುಗಿ, ನೀನು ಹೇಳಿದ್ದೇ ನಿಜ ಎನ್ನುತ್ತೇನೆ. ನಿನ್ನ ಎದುರಲ್ಲಿ, ನಿನ್ನ ಮಗಳ ಎದುರಲ್ಲಿ. ಆಮೇಲೆ ನನ್ನ ಮಗನ ಹೆಸರು ಹೇಳುತ್ತೇನೆ, ಆಮೇಲೆ ನನ್ನದು. ನೀನು ಮೆಟ್ಟಿಲು ಇಳಿ ಎಂದರೆ ಇಳಿಯುತ್ತೇನೆ. ಠಾಣೆಗೆ ಹೋಗುವುದಾದರೆ ಈ ಸಲವೂ ಜೊತೆಗೆ ಬರುತ್ತೇನೆ.

ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ನಾನು ಕೇಳಿದ್ದಕ್ಕೆಲ್ಲ ನೀನು ಹೂಂ ಅಂದವಳು.