ಎದುರುಮನೆ ಮೇಡಂ ಮತ್ತು ಹಿಮದಂಚಿನ ಹೂವು

ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಡಬ್ಬಿಗೆ ಚಪಾತಿ ಪಲ್ಯ ತುಂಬಿ, ಮಾರತ್ತಹಳ್ಳಿ ಕಡೆಯ ಬಸ್ಸು ತಪ್ಪದ ಹಾಗೆ ಇವರನ್ನು ಕಳಿಸಿದೆ. ಮಗಳು ಒಂದು ಕಾಲಿಗೆ ಶೂ ಹಾಕಿಕೊಂಡೇ ಲಿಫ್ಟಿಗೆ ಓಡಿದಳು. ಸಂಜೆ ಪರಿಚಯದವರ ಮನೆಯಲ್ಲಿ ಸೀಮಂತವಿತ್ತು. ರೇಷ್ಮೆ ಸೀರೆ ತೆಗೆಯೋಣವೆಂದು ಬೀರು ತೆರೆದೆ. ಮಡಿಕೆಯೊಳಗಿಂದ ನುಸಿಗುಳಿಗೆಯ ವಾಸನೆ ಬಂತು. ಸೀರೆಯನ್ನು ಮಂಚದ ಮೇಲಿಟ್ಟು, ಪಕ್ಕದಲ್ಲಿ ಕೂತೆ. ಅಳು ಬರಲಿಲ್ಲ. ಬೀರುವಿನ ಬಾಗಿಲು ತೆರೆದೇ ಇತ್ತು...

ಎದುರುಮನೆ ಮೇಡಂ ಅವರ ಕೋಣೆಗೆ ಇದೇ ವಾಸನೆಯಿತ್ತು. ಹಾವೇರಿ ಕಡೆಯವರು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ, ಮಗಳು ಅಳಿಯನ ಜೊತೆ ಹೂಡಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಬಂದಿದ್ದರು. ವಯಸ್ಸಿನಲ್ಲಿ ನಾನು ಅವರ ಮಗಳಂತಿದ್ದರೂ ನನ್ನನ್ನು ತಂಗಿ ಎನ್ನುತ್ತಿದ್ದರು. ಅವರ ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು. ಅಂಚಿನದು ಮಾತ್ರ ಉಳಿದಿತ್ತು. ಹಾಗಾಗಿ ನನ್ನ ಮುಖ ನೋಡಬೇಕಾದಾಗ ನನ್ನ ಕಿವಿಯ ಕಡೆ ನೋಡುತ್ತಿದ್ದರು.

ಮಂಚದ ಕೆಳಗೆ ರಟ್ಟುಗಳ ನಡುವೆ ನುಸಿಗುಳಿಗೆ ಹಾಕಿ ಕಟ್ಟಿಟ್ಟ ಒಣ ಗಿಡಗಳ ಹಾಳೆಗಳಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಅವರು ಬೆರಳಿಂದಲೇ ಗುರುತು ಹಿಡಿಯುತ್ತಿದ್ದರು. ಓದುವ ಕಾಲದಲ್ಲಿ ಹಿಮಾಲಯದ ಪ್ರವಾಸದಲ್ಲಿ ಕಿತ್ತದ್ದಂತೆ. ಮರಗಳೆಲ್ಲ ಮುಗಿದು ಬರೀ ಹುಲ್ಲು ಉಳಿಯುವ ಎತ್ತರದಲ್ಲಿ, ಕರಗುವ ಹಿಮದ ಪಕ್ಕದಲ್ಲೇ ಅರಳುವ ಡೇಸಿ. ಗೇಣುದ್ದವೂ ಇಲ್ಲ. ಅಂಚಿನ ಎಸಳುಗಳ ನೇರಳೆ ಮಾಸಿ ಚಹಾದ ಕಲೆಯ ಬಣ್ಣಕ್ಕೆ ತಿರುಗಿತ್ತು.

"ಇದು ಒಂದ್ ಹೂವಲ್ಲ ತಂಗಿ, ಒಂದ್ ಓಣಿ," ಎಂದಿದ್ದರು ಮೊದಲ ದಿನ. "ಅಂಚಿನ ಒಂದೊಂದ್ ಎಸಳೂ ಒಂದ್ ಹೂವು. ನಡುವಿನ ಹಳದಿ ಚುಕ್ಕಿ ಅದಾವಲ್ಲ, ಅವೂ ಒಂದೊಂದ್ ಹೂವು."

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ದಾಸವಾಳವನ್ನು ಸೀಳಿ, ಪೆನ್ಸಿಲ್ ಚೂಪು ಮಾಡಿಕೊಂಡು ಚಿತ್ರ ಬರೆಯಲು ಕಲಿಸಿದ್ದರು. ಅಷ್ಟೇ ನನ್ನ ಸಸ್ಯಶಾಸ್ತ್ರ. ಆದರೂ ಯಜಮಾನರನ್ನು ಕೆಲಸಕ್ಕೆ ಕಳಿಸಿದ ಮೇಲೆ ದಿನಾ ಹೋಗಿ, ಅವರ ಬಾಲ್ಕನಿಯಲ್ಲಿ ಭೂತಗನ್ನಡಿ ಹಿಡಿದು ಕೂರತೊಡಗಿದೆ. ಸೂರ್ಯಕಾಂತಿ, ಸೇವಂತಿಗೆ, ಈ ಡೇಸಿ ಎಲ್ಲ ಒಂದೇ ಕುಟುಂಬ. ಆ ಕುಟುಂಬದಲ್ಲಿ ಹೂವು ನೋಡಿ ಮೋಸ ಹೋಗುವುದು ಸುಲಭವಂತೆ. ಯಾವ ಜಾತಿ, ಯಾವ ಪ್ರಭೇದ ಎಂದು ಖಾತ್ರಿಯಾಗಬೇಕಾದರೆ ನಾವು ಬೀಜ ಎನ್ನುವ ಆ ಸಣ್ಣ ಹಣ್ಣು ಬೇಕು. ಅದರ ಮೈಮೇಲೆ ಕೂದಲಿದೆಯೇ, ಗೆರೆಗಳೆಷ್ಟು, ತಲೆಯ ಮೇಲಿನ ಕುಂಚ ಎಂಥದು... ಅದೂ ಬಲಿತ ಹಣ್ಣಾಗಿರಬೇಕು.

ಮೇಡಂ ತಂದದ್ದು ಬರೀ ಹೂವು.

"ಚಂದ ಕಂಡಿದ್ದನ್ನ ಕಿತ್ತೆ," ಎಂದರು ಒಮ್ಮೆ. "ಪಕ್ಕದಾಗ ಬಲತು ಹತ್ತಿ ಹಂಗ ಬಿರದಿದ್ವು. ಅವನ್ನ ಬಿಟ್ಟು ಬಂದೆ. ಸಸ್ಯಶಾಸ್ತ್ರ ಓದಾಕಿ ಮಾಡೋ ಕೆಲಸ ಏನದು?"

ಅವರ ಪ್ರಾಧ್ಯಾಪಕರು ಹಾಳೆ ನೋಡಿ, ಇದು ಆ ಕಡೆ ಎಲ್ಲೆಂದರಲ್ಲಿ ಸಿಗುವ ಆಸ್ಟರ್ ಎಂಬ ಡೇಸಿ, ಅದರ ಹೆಸರನ್ನೇ ಬರೆದುಬಿಡು ಎಂದಿದ್ದರಂತೆ. ಮೇಡಂ ಬರೆದಿರಲಿಲ್ಲ. ಎಲೆಯ ಬುಡ ಬೇರೆ ಥರ ಇದೆ, ದೇಟಿನ ತುಪ್ಪಳ ಬೇರೆ ಥರ ಇದೆ ಎಂಬುದು ಅವರ ವಾದ. ಹಾಳೆಯ ಮೇಲಿನ ಚೀಟಿಯಲ್ಲಿ ಹೆಸರಿನ ಜಾಗ ಅಷ್ಟು ವರ್ಷವೂ ಖಾಲಿ ಇತ್ತು.

ಹಾಳೆಯ ಮೇಲೆ ಹುಳು ತಿನ್ನದೆ ಉಳಿದ ಹೂವು ಒಂದೇ. ಅದನ್ನು ಬಿಡಿಸಿದರೆ ಒಳಗೆ, ಅದೃಷ್ಟವಿದ್ದರೆ, ಹೊರಸಾಲಿನಲ್ಲಿ ಬಲಿತ ಹಣ್ಣೊಂದು ಸಿಗಬಹುದಿತ್ತು. ಬಿಡಿಸಿದರೆ ಹೂವು ಉಳಿಯುವುದಿಲ್ಲ. ಕಣ್ಣು ಚೆನ್ನಾಗಿದ್ದಾಗ ಅವರಿಗೆ ಮನಸ್ಸು ಬಂದಿರಲಿಲ್ಲ. ಈಗ ಮನಸ್ಸು ಮಾಡಿದ್ದರು, ಕಣ್ಣಿರಲಿಲ್ಲ. ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದವರು, ನೀರು ಕಾಯಿಸು ಎಂದರು.

ಸ್ಟೀಲಿನ ಬಟ್ಟಲಲ್ಲಿ ಬಿಸಿನೀರು, ಅದಕ್ಕೊಂದು ಹನಿ ಸೋಪು. ಒಣಗಿದ ಹೂವು ನೀರು ಕುಡಿದು ಮೆಲ್ಲಗೆ ಮೆತ್ತಗಾಯಿತು. ಒಂದು ಗಳಿಗೆ ಆಗಷ್ಟೇ ಕಿತ್ತ ಹಾಗೆ ಕಂಡಿತು. ಅದನ್ನು ಅವರಿಗೆ ಹೇಳಲೋ ಬೇಡವೋ ತಿಳಿಯಲಿಲ್ಲ. ಹೊಲಿಗೆ ಸೂಜಿಯಿಂದ ಒಂದೊಂದಾಗಿ ಬಿಡಿಸಿ ಬಿಳಿ ತಟ್ಟೆಯಲ್ಲಿ ಹರಡಿದೆ. ಅವರ ಕೈ ಕುರ್ಚಿಯ ಹಿಡಿಯನ್ನು ಬಿಟ್ಟಿರಲಿಲ್ಲ.

"ಏನ್ ಕಾಣ್ತೈತಿ?"

"ಎಲ್ಲಾ ಎಳೇದು ಮೇಡಂ. ದಾರದ ಥರ ಇವೆ."

"ಹೊರಗಿನ ಸಾಲಿಂದು?"

"ಅದೂ ಹಾಗೇ ಇದೆ."

ಕೆಳಗೆ ನೀರಿನ ಟ್ಯಾಂಕರ್ ಹಿಂದೆ ಸರಿಯುತ್ತಿರುವ ಸದ್ದು ಕೇಳುತ್ತಿತ್ತು. ಪ್ರಾಧ್ಯಾಪಕರು ಹೇಳಿದ ಹೆಸರನ್ನೇ ಬರೆಯಲಾ ಎಂದು ಕೇಳಿದೆ. ಸಮಾಧಾನಕ್ಕೆಂದು ಕೇಳಿದ್ದು.

"ಬ್ಯಾಡ. ಹಣ್ಣು ಬಲಿತಿಲ್ಲ, ಗುರುತು ಸಿಕ್ಕಿಲ್ಲ ಅಂತ ಬರಿ. ಸುಳ್ಳ ಹೆಸರ್ ಹಚ್ಚಿದ್ರ ಮತ್ಯಾರೂ ಹುಡುಕೂದಿಲ್ಲ ತಂಗಿ. ಖಾಲಿ ಇದ್ರ ಯಾರರ ಒಬ್ರು ಆ ಗುಡ್ಡ ಹತ್ತತಾರ."

ಬರೆದೆ. ನನ್ನ ಕಾನ್ವೆಂಟ್ ಅಕ್ಷರ ಗುಂಡಗಿದೆ ಎಂದೇ ಆ ಕೆಲಸ ನನಗೆ ಕೊಟ್ಟಿದ್ದರು. ಬಿಡಿಸಿದ ಚೂರುಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿಟ್ಟು ಅದೇ ಹಾಳೆಗೆ ಅಂಟಿಸಿದೆ. ಆಮೇಲೆ ಚಹಾ ಕುಡಿದೆವು. ಸಕ್ಕರೆ ಕಡಿಮೆಯಾಗಿದೆ ಎಂದರು, ಹಾಕಿಕೊಟ್ಟೆ.

ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅವರ ಮಗಳು ಬಂದು ಹೇಳಿದಾಗ ನಾನು ಬೀನ್ಸ್ ನಾರು ತೆಗೆಯುತ್ತಿದ್ದೆ. ಹೋಗಿ ನೋಡಿ ಬಂದು, ಉಳಿದ ಬೀನ್ಸನ್ನೂ ಬಿಡಿಸಿ ಮುಗಿಸಿದೆ... ಮಗಳು ಮನೆ ಖಾಲಿ ಮಾಡುವಾಗ ಆ ಕಟ್ಟನ್ನು ಯಾವುದೋ ಕಾಲೇಜಿಗೆ ಕೊಟ್ಟಳು. ಹಾಳೆಗಳು ಹಳದಿಯಾಗಿವೆ, ಹೊಸ ಹಾಳೆಗೆ ಅಂಟಿಸಿ ಹೊಸದಾಗಿ ಚೀಟಿ ಬರೆಸುತ್ತೇವೆ ಎಂದರಂತೆ ಕಾಲೇಜಿನವರು. ಯಾವ ಕಾಲೇಜು ಎಂದು ನಾನು ಕೇಳಿಕೊಳ್ಳಲಿಲ್ಲ. ಅವಳ ನಂಬರೂ ಈಗ ಬದಲಾಗಿದೆ.

ಇವತ್ತು ಸಂಜೆ ಸೀಮಂತ ಮುಗಿಸಿ ಬಂದಾಗ ಎದುರುಮನೆ ಬಾಗಿಲು ತೆರೆದಿತ್ತು, ಒಳಗೆ ಸುಣ್ಣಬಣ್ಣ ನಡೆದಿತ್ತು. ಮನೆಯ ಮಾಲೀಕರಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಈ ಕಟ್ಟಡದ ಜಾಗ ಹಿಂದೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲ. ಈಗ ಅವರೂ ಕೆಳಗಿನ ಮಹಡಿಯಲ್ಲೇ ಇದ್ದಾರೆ. ಹೊಸ ಬಾಡಿಗೆಯವರ ವಿಷಯ ಹೇಳಿ, ಮೇಡಂ ಇಟ್ಟುಕೊಂಡಿದ್ದ ಒಣಹೂವಿನ ಕಟ್ಟು ಏನಾಯಿತು ಎಂದು ಕೇಳಿದರು. ಕಾಲೇಜಿಗೆ ಕೊಟ್ಟದ್ದನ್ನು ಹೇಳಿದೆ. ಅದರಲ್ಲಿ ಒಂದು ಹೂವಿಗೆ ಇನ್ನೂ ಹೆಸರು ಸಿಕ್ಕಿರಲಿಲ್ಲ ಎಂದೂ ಯಾಕೋ ಹೇಳಿದೆ.

ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಹಸಿ ಬಣ್ಣವನ್ನೇ ನೋಡುತ್ತಿದ್ದರು.

"ಅಯ್ಯೋ ಬುಡಮ್ಮ, ಕಾಲೇಜ್ನೋರು ಅಂಗೇ ಮಡಗ್ತಾರಾ? ಇಷ್ಟೊತ್ಗೆ ಯಾವ್ದೋ ಒಂದ್ ಎಸ್ರು ಬರ್ದಾಕಿರ್ತಾರೆ."